ಅಕ್ಷರವಿಲ್ಲದ ಬೋರ್ಡುಗಳ ಬೀದಿ

ಪ್ರೀತಿಯ ಚಿಕ್ಕಪ್ಪಾ,

ನಿನ್ನನ್ನು ಕೇಳದೆ ನಾನೊಂದು ಕೆಲಸ ಮಾಡಿಬಿಟ್ಟಿದ್ದೇನೆ. ನೀನು ಸಿಟ್ಟಾಗುತ್ತೀಯೋ, ನಗುತ್ತೀಯೋ... ಮೊದಲಿನಿಂದಲೇ ಹೇಳುತ್ತೇನೆ, ಕೇಳು.

ಟೀಚರ್ ಟ್ರೈನಿಂಗಿಗೆಂದು ಕುರುಗೋಡಿನಿಂದ ಟ್ರಂಕು ಹೊತ್ತು ಬಳ್ಳಾರಿಗೆ ಬಂದ ದಿನ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೂ ನೀನು ಅಂಗಡಿಗಳ ಬೋರ್ಡು ತೋರಿಸುತ್ತಲೇ ನಡೆದೆ. "ಇದು ನಂದು. ಆ ಔಷಧಿ ಅಂಗಡೀದೂ ನಂದ. ಕನ್ನಡ, ತೆಲುಗು, ಉರ್ದು, ಮೂರೂ ನಾನ ಬರದಿದ್ದು!" ಮದುವೆಯಾಗದ ನೀನು ಅವನ್ನು ತೋರಿಸುವಾಗ ಮನೆಯ ಮಕ್ಕಳ ಪರಿಚಯ ಮಾಡಿಸುವವನಂತೆ ಕಂಡೆ.

ಮರುವರ್ಷ ನಿನ್ನ ಬಲಗೈ ನಡುಗತೊಡಗಿತು. ಬಟ್ಟೆ ಅಂಗಡಿಯ ಬೋರ್ಡಿನಲ್ಲಿ 'ಶ್ರೀ'ಯ ಒತ್ತು ಬಾಲದಂತೆ ಕೆಳಗೆ ಜಾರಿತು. ಸಾಹುಕಾರರು ಬೈಯಲಿಲ್ಲ. "ಇರ್ಲಿ ಬಿಡ್ರಿ ಮಾಸ್ತರ್ರ, ನಡೀತೈತಿ" ಎಂದರು. ಬೈದಿದ್ದರೆ ನೀನು ತಡೆದುಕೊಳ್ಳುತ್ತಿದ್ದೆಯೇನೋ. ಆ ಮರುಕ ತಡೆಯಲಾಗಲಿಲ್ಲ. ಅಂದೇ ನೀನು ಬ್ರಷ್ಷುಗಳನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಬೀದಿಗಿಳಿಯುವುದನ್ನೇ ಬಿಟ್ಟೆ. ಊಟಕ್ಕೆ ಕೂತಾಗಲೂ ಅನ್ನ ಬಡಿಸುವವರೆಗೆ ಕೈಯನ್ನು ಪಂಚೆಯ ಮಡಿಕೆಯಲ್ಲಿ ಬಚ್ಚಿಡುತ್ತಿದ್ದೆ. ನಾನು ನೋಡಿಯೂ ನೋಡದವಳಂತೆ ಇರುತ್ತಿದ್ದೆ.

ಒಂದು ಭಾನುವಾರ ನಾನು ಕ್ಯಾನ್ವಾಸು, ಆಯಿಲ್ ಪೇಂಟಿನ ಟ್ಯೂಬುಗಳನ್ನು ತಂದು ಮಾಳಿಗೆಯ ಮೇಲಿಟ್ಟೆ. ನೀನು ರೇಗಿದೆ.

"ಈ ಕೈಲೆ ಏನ್ ಬರೀಲೇ? ತಮಾಷಿ ಮಾಡ್ತೀಯೇನು?"

"ಅಕ್ಷರ ಬರಿಯಾಕ ಅಲ್ಲ ಚಿಕ್ಕಪ್ಪಾ. ಕೆಳಗ ಬೀದಿ ಐತಲ್ಲ, ಅದನ್ನ ಬರಿ. ಸಂಜಿಗಿ ಯಾವುದೂ ನೆಟ್ಟಗ ಕಾಣಂಗಿಲ್ಲ."

ಹಾಗೆ ಯಾಕೆಂದೆನೋ ನನಗೇ ಗೊತ್ತಿಲ್ಲ. ನಾಲ್ಕು ದಿನ ನೀನು ಅದನ್ನು ಮುಟ್ಟಲಿಲ್ಲ. ಐದನೆಯ ದಿನ ನಾನು ಮೆಟ್ಟಿಲು ಹತ್ತುವಾಗಲೇ ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿಯಿತು. ಓಡಿಬಂದು ನೋಡಬೇಕೆನಿಸಿದರೂ ಅಲ್ಲೇ ನಿಂತೆ.

ಆಮೇಲೆ ಮೂರು ತಿಂಗಳು, ಗುಡ್ಡದ ಹಿಂದೆ ಬೆಳಕು ಆರುವ ಆ ಅರ್ಧ ಗಂಟೆ ಮಾತ್ರ ನಿನ್ನ ಕೆಲಸ. ಅರಿಶಿನ ಕಲಸಿದಂಥ ದೂಳು, ಅಂಗಡಿಗಳ ಮುಂದೆ ನೀರು ಚಿಮುಕಿಸಿದ ನೆಲದಲ್ಲಿ ಬಲ್ಬುಗಳ ಹೊಳಪು, ಜಟಕಾ ಕುದುರೆಯ ಕಪ್ಪು ಬೆನ್ನು. ಕೈ ನಡುಗಿದಲ್ಲೆಲ್ಲ ದೀಪಗಳೂ ಮಿಣುಕಿದಂತಿತ್ತು. ಬೋರ್ಡುಗಳೆಲ್ಲ ಇದ್ದವು, ಒಂದರ ಮೇಲೂ ಅಕ್ಷರವಿರಲಿಲ್ಲ. ನಾನು ಕೇಳಿದ್ದಕ್ಕೆ, "ಈ ಹೊತ್ತಿನ್ಯಾಗ ಯಾರ್ ಓದ್ತಾರವ್ವಾ?" ಎಂದು ನೀನು ನಕ್ಕೆ. ಎಷ್ಟು ದಿನವಾಗಿತ್ತು ಆ ನಗು ಕೇಳಿ! ಮರುದಿನ ಸಂಜೆ ನೀನಾಗಿಯೇ ಕೆಳಗಿಳಿದು ಹೋಟೆಲಿನಲ್ಲಿ ಚಹಾ ಕುಡಿದು ಬಂದೆ.

ನನಗೆ ಸಿರುಗುಪ್ಪದ ಶಾಲೆಯಲ್ಲಿ ಕೆಲಸವಾಯಿತು. ನಿನಗೆ ಕಾಯಿಲೆ ಜೋರಾಗಿದೆಯೆಂದು ಸುದ್ದಿ ಬಂದು ಹೊರಟರೂ, ನೀನು ಹೋದಾಗ ನಾನಿನ್ನೂ ಬಸ್ಸಿನಲ್ಲೇ ಇದ್ದೆ. ಕೊನೆಗೆ ನನ್ನನ್ನು ಕೇಳಿದೆಯಾ... ಇರಲಿ. ಚಿತ್ರವನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದು ಇಲ್ಲಿಯ ಮನೆಯ ಪಡಸಾಲೆಯಲ್ಲಿ ತೂಗುಹಾಕಿದೆ.

ಕಳೆದ ತಿಂಗಳು ಪಕ್ಕದ ಓಣಿಯ ಮಾಬುಬಿ, ಮೊಮ್ಮಗಳನ್ನು ಶಾಲೆಗೆ ಸೇರಿಸಲು ಅರ್ಜಿ ಬರೆಸಿಕೊಳ್ಳಲು ಬಂದರು. ಗಂಡ ಹೋದ ಮೇಲೆ ಬಳ್ಳಾರಿ ಬಿಟ್ಟು ಇಲ್ಲಿ ಮಗಳ ಮನೆಗೆ ಬಂದವರು. ಅರ್ಜಿ ಮುಗಿಸಿ ತಲೆಯೆತ್ತಿದರೆ ಅವರು ನಿನ್ನ ಚಿತ್ರದ ಮುಂದೆ ನಿಂತಿದ್ದರು. ಮೂಲೆಯಲ್ಲಿ ಬಾಳೆಹಣ್ಣಿನ ಬಂಡಿಯವನೊಬ್ಬ, ಗಾಲಿಯ ಮೇಲೆ ಒಂದು ಕಾಲಿಟ್ಟು, ನಮಗೆ ಬೆನ್ನು ಹಾಕಿ ಕಂದೀಲು ಹಚ್ಚುತ್ತಿದ್ದಾನಲ್ಲ, ಅವನನ್ನು ಬೆರಳಿನಿಂದ ಮುಟ್ಟಿದರು.

"ಟೀಚರಮ್ಮಾ, ಇವ್ರು ನಮ್ಮ ಯಜಮಾನ್ರು. ಬಳ್ಳಾರಿಯಾಗ ಬಾಳೆಹಣ್ಣಿನ ಬಂಡಿ ಇಟ್ಟಿದ್ರು, ದೀಪ ಹಚ್ಚುವಾಗ ಹಿಂಗ ಕಾಲಿಡ್ತಿದ್ರು. ನನ್ನ ಹತ್ರ ಅವ್ರ ಫೋಟೋ ಒಂದೂ ಇಲ್ರಿ."

ಆ ಬೀದಿಯಲ್ಲಿ ಅಂಥ ಬಂಡಿಗಳು ಹತ್ತಾದರೂ ಇದ್ದವು. ಅವನು ಅವರ ಗಂಡನೇ ಹೌದಾ? ನಿನ್ನನ್ನು ಬಿಟ್ಟು ಯಾರನ್ನು ಕೇಳಲಿ? ಮಾಬುಬಿಗೆ ಮಾತ್ರ ಅನುಮಾನವೇ ಇರಲಿಲ್ಲ. ಆಮೇಲೆ ನಾಲ್ಕು ಸಲ ಬಂದರು, ಬಂದಾಗಲೆಲ್ಲ ಏನೋ ನೆಪ. ಐದನೆಯ ಸಲ ನಾನೇ ಚಿತ್ರ ಇಳಿಸಿ ಅವರ ಕೈಗಿಟ್ಟೆ. ಬೇಡ ಬೇಡ ಎನ್ನುತ್ತಲೇ ಮಗುವನ್ನು ಎತ್ತಿಕೊಂಡಂತೆ ಎದೆಗವಚಿಕೊಂಡರು. ಅವರು ಹೋದ ಮೇಲೆ ನಾನು ಅತ್ತೆ. ಸುಳ್ಳು ಯಾಕೆ ಹೇಳಲಿ?

ನಿನ್ನೆ ಅವರ ಮನೆಗೆ ಹೋಗಿದ್ದೆ. ಚಿತ್ರ ಬಾಗಿಲಿನೆದುರಿಗೇ ಇದೆ, ನೋಡುವವರಿಗೆಲ್ಲ ಕಾಣುವಂತೆ. ಮೊಮ್ಮಗಳು ಅಜ್ಜಿಯನ್ನು ಕೇಳುತ್ತಿದ್ದಳು, "ಅಜ್ಜ ಈ ಕಡೆ ಯಾವಾಗ ತಿರುಗ್ತಾರ?"

ಮಾಬುಬಿ ರೊಟ್ಟಿ ತಟ್ಟುತ್ತಲೇ ಹೇಳಿದರು: "ದೀಪ ಹತ್ತಲಿ ತಡಿಯವ್ವಾ, ತಿರುಗ್ತಾರ."

ನಿನ್ನ,
ಗಿರಿಜಾ