ಮೂರನೆಯ ಪುಟದ ಕೆಳಗೆ ಬರೆದವಳಿಗೆ

ಪ್ರಿಯ ವಿದ್ಯಾರ್ಥಿನಿ,

ನಿನ್ನ ಹೆಸರು ನನಗೆ ಗೊತ್ತಿಲ್ಲ. ಅದಕ್ಕೇ ಈ ಪತ್ರವನ್ನು ಹಾಸ್ಟೆಲ್ಲಿನ ನೋಟಿಸ್ ಬೋರ್ಡಿಗೆ ಹಾಕುತ್ತಿದ್ದೇನೆ. ಬಲಾತ್ಕಾರದ ಬಗೆಗಿನ ಸಮೀಕ್ಷೆಯ ಪ್ರಶ್ನೆಗಳನ್ನು ಬರೆದವಳು ನಾನು. 'ಬಲವಂತ ಮಾಡಿದಾತ ನಿಮ್ಮ ಪ್ರೇಮಿಯಾಗಿದ್ದರೆ ಮುಂದಿನ ಆರು ಪ್ರಶ್ನೆಗಳನ್ನು ಬಿಡಿ' ಎಂದು ಸೂಚಿಸಿದವಳೂ ನಾನೇ. ನೀನು ಒಂದನ್ನೂ ಬಿಡದೆ ಉತ್ತರಿಸಿ, ಕೆಳಗೆ, "ಪ್ರೀತಿಸ್ತಿದ್ದೆ ಮೇಡಂ, ಆದ್ರೂ ಬೇಡ ಅಂದಿದ್ದೆ" ಎಂದು ಬರೆದಿದ್ದೀಯ.

ಅದನ್ನು ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. "ಗಂಡ-ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಇವರಿನ್ನೂ ಲವರ್ಸು, ಬಿಡಿ ಮೇಡಂ" ಎಂದು ನಕ್ಕರು. ನಾನೂ ನಕ್ಕು, ನಿನ್ನ ಹಾಳೆಯನ್ನು ತಪ್ಪಾಗಿ ತುಂಬಿದವುಗಳ ಕಟ್ಟಿಗೆ ಸೇರಿಸಿದೆ. ಯಾಕೆ ನಕ್ಕೆ ಎಂದು ನಾಲ್ಕು ದಿನದಿಂದ ಕೇಳಿಕೊಳ್ಳುತ್ತಿದ್ದೇನೆ. ನನ್ನ ಕಾಲೇಜು ದಿನಗಳ ಒಂದು ಸಂಜೆಯನ್ನೂ ನಾನು ಹೀಗೇ ನಕ್ಕು ಮುಚ್ಚಿಟ್ಟಿದ್ದೆ.

ವರದಿಯನ್ನು ತಡೆಹಿಡಿದಿದ್ದೇನೆ. ಆ ಸೂಚನೆ ತೆಗೆದ ಹೊಸ ಹಾಳೆಗಳನ್ನು ಸೋಮವಾರ ಹಂಚುತ್ತೇವೆ. ನೀನು ಮತ್ತೆ ಬರೆಯಬೇಕಿಲ್ಲ. ನಿನ್ನ ಉತ್ತರಗಳನ್ನು ಸೇರಿಸಿಕೊಂಡಿದ್ದೇನೆ. ಕೈಬರಹ ಹೋಲಿಸಿ ನಿನ್ನನ್ನು ಹುಡುಕುವುದಿಲ್ಲ. ಮಾತಾಡಬೇಕೆನಿಸಿದರೆ ಗೆಳತಿಯೊಬ್ಬಳನ್ನು ಕರೆದುಕೊಂಡು ಬಾ. ಮಧ್ಯಾಹ್ನ ಎರಡರ ಮೇಲೆ ನನ್ನ ಕೋಣೆಯಲ್ಲಿ ಬೇರೆ ಯಾರೂ ಇರುವುದಿಲ್ಲ. ಬಾರದಿದ್ದರೆ, ಯಾಕೆಂದು ನಾನು ಕೇಳುವುದಿಲ್ಲ.

ನಿನ್ನನ್ನು ನಂಬಿರುವ,
ಸಂಖ್ಯಾಶಾಸ್ತ್ರದ ಮೇಡಂ