ಒಳ್ಳೆಯ ಉದಾಹರಣೆ

ಅಪ್ಪಾ,

ಇವತ್ತು ಮಾನವಶಾಸ್ತ್ರದ ಕ್ಲಾಸಿನಲ್ಲಿ ಮೇಡಂ, "ಧರ್ಮದ ಹೆಸರಲ್ಲಿ ಹೆಣ್ಣುಮಕ್ಕಳನ್ನ ಹೊರಗಿಟ್ಟಿದ್ದಕ್ಕೆ ಯಾರಾದ್ರೂ ಉದಾಹರಣೆ ಕೊಡ್ತೀರಾ?" ಅಂದರು. ನಾನು ಎದ್ದು ನಿನ್ನ ಸಾವಿನ ದಿನದ್ದು ಹೇಳಿದೆ. ನಿನ್ನನ್ನು ಹೊತ್ತುಕೊಂಡು ಹೊರಟಾಗ ಚಿಕ್ಕಪ್ಪ ಬಾಗಿಲಿಗೆ ಅಡ್ಡ ನಿಂತು, "ನೀನು ಸ್ಮಶಾನಕ್ಕೆ ಬರಕೂಡದು. ನಿಮ್ಮಪ್ಪನೇ ಹೇಳಿ ಹೋಗಿದ್ದಾನೆ" ಅಂದಿದ್ದ. ಕೊನೆಯವರೆಗೂ ನಿನ್ನ ಮೈ ಒರೆಸಿ, ಹಾಸಿಗೆ ಬದಲಿಸಿದವಳು ನಾನು!

"ತುಂಬಾ ಒಳ್ಳೆಯ ಉದಾಹರಣೆ" ಎಂದು ಮೇಡಂ ಬೋರ್ಡಿನ ಮೇಲೆ ಬರೆದರು. ಎಲ್ಲರೂ ನೋಟ್ಸ್ ಮಾಡಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ಕಾರಣ ಕೇಳಿದರು. ಮೈಲಿಗೆ, ವಂಶ, ಆಸ್ತಿ ಅಂತ ಒಬ್ಬೊಬ್ಬರು ಒಂದೊಂದು ಹೇಳಿದರು. ಪರೀಕ್ಷೆಯಲ್ಲಿ ನಾನೂ ಅದನ್ನೇ ಬರೀತೀನಿ, ಮಾರ್ಕ್ಸೂ ಬರುತ್ತೆ. ಆದರೆ ಅವೆಲ್ಲ ಊರವರ ಕಾರಣ. ದಿನವಿಡೀ ಪಕ್ಕದಲ್ಲೇ ಕೂತಿದ್ದ ನನಗೊಂದು ಮಾತು ಹೇಳದೆ, ನೀನು ಚಿಕ್ಕಪ್ಪನ ಹತ್ತಿರ ಯಾಕೆ ಹೇಳಿದೆ?