ಎರಡು ಸೀಲಿನ ಉಣ್ಣೆ

ಅಪ್ಪಾ,

ನೀನು ಸತ್ತ ಮೇಲಾದರೂ ನಿನ್ನ ಗೋದಾಮಿನ ಬಾಗಿಲು ತೆರೆಯಿತು. ವಿದೇಶಿ ಬ್ಯಾಂಕಿಗೆ ನೀನು ಅಡವಿಟ್ಟ ಉಣ್ಣೆಯನ್ನು, ಆ ದೇಶದೊಡನೆ ಜಗಳವಾದ ವರ್ಷ ನಮ್ಮ ಸರ್ಕಾರ ಜಪ್ತಿ ಮಾಡಿ ಬಾಗಿಲಿಗೆ ಸೀಲು ಒತ್ತಿತು. ಮಾಲು ತಮ್ಮ ಬ್ಯಾಂಕಿನದು ಎಂದು ಅವರ ರಾಯಭಾರ ಕಚೇರಿಯೂ ಒಂದು ಸೀಲು ಒತ್ತಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಕೂಸು ನೀನೇ.

ಇವತ್ತು ಎರಡೂ ಕಡೆಯವರು ಬಂದಿದ್ದರು. ಮಾಲು ಕೆಟ್ಟಿದ್ದರೆ ಇಬ್ಬರೂ ಕೈಬಿಟ್ಟು ರಾಜಿಯಾಗುವುದೆಂದು ಮಾತಾಗಿತ್ತು. ಮೂಟೆ ಬಿಚ್ಚದೆ, ಹೊಲಿಗೆಯ ಸಂದಿಯಲ್ಲಿ ಕೈ ತೂರಿಸಿ ದರ್ಜೆ ಹೇಳುವುದನ್ನು ನಿನ್ನಿಂದ ಕಲಿತವಳು ನಾನೊಬ್ಬಳೇ ಅಲ್ಲವೇ? ನನ್ನನ್ನೇ ಕರೆಸಿದ್ದರು.

ಮೊಣಕೈವರೆಗೂ ತೂರಿಸಿದೆ. ಒಳಗೆ ಬರೀ ಹುಳ ತಿಂದ ಪುಡಿ.

"ಹೇಗಿದೆಯಮ್ಮಾ?" ಎಂದರು ನಮ್ಮ ಅಧಿಕಾರಿ. "ಬೇಗ ಹೇಳು, ಇವತ್ತಿಗೆ ಈ ಪೀಡೆ ತೊಲಗ್ಲಿ."

ನೀನು ದಿನಾ ಆ ಬಾಗಿಲಿಗೆ ಕೈಯಿಟ್ಟು ನಿಲ್ಲುತ್ತಿದ್ದಾಗ, "ಆ ಮುದುಕನ್ನ ಓಡಿಸೋ" ಎಂದು ಕಾವಲುಗಾರನಿಗೆ ಹೇಳಿದ್ದವರೂ ಇವರೇ.

"ಮೊದಲ ದರ್ಜೆ ಸಾರ್," ಎಂದೆ, ಪುಡಿ ಮೆತ್ತಿದ ಕೈಯನ್ನು ಸೆರಗಿನೊಳಗೆ ಮರೆಮಾಡಿ. "ಇಂಥ ಮಾಲು ಈಗ ಎಲ್ಲೂ ಸಿಗಲ್ಲ."

ರಾಯಭಾರ ಕಚೇರಿಯವನ ಮುಖ ಅರಳಿತು. ನಮ್ಮವರದೂ ಅರಳಿತು. ನಿಂತ ನಿಲುವಿನಲ್ಲೇ ನಮ್ಮದು ನಮ್ಮದು ಎಂದು ಕಿತ್ತಾಡಿ, ಬಾಗಿಲಿಗೆ ಮತ್ತೆ ಎರಡು ಸೀಲು ಒತ್ತಿದರು. ಅವರೂ ಸಾಯುವವರೆಗೆ ಕಾಯಲಿ.

"ಒಂದ್ಸಲ ನನ್ ಜೊತೆ ಗೋದಾಮಿಗೆ ಬಾರೇ" ಎಂದು ನೀನು ಎಷ್ಟು ಸಲ ಕರೆದೆ. ಇವತ್ತು ಹೋಗಿದ್ದೆ ನೋಡು. ಕೈ ಇನ್ನೂ ತೊಳೆದಿಲ್ಲ.